ಸೂಪರ್‌ಮಾರ್ಕೆಟಿನ ಬೆಲೆಪಟ್ಟಿಯೂ ಆಹಾರದ ತುಟ್ಟಿಯ ಲೆಕ್ಕವೂ: ಒಂದು ವಿಮರ್ಶೆ

ಬೆಲೆಗಳ ಏರಿಳಿತವನ್ನು ಅಳೆದು ಹೇಳುವ ಕಾರ್ಯವು ಬಹುಕಾಲ ಸರ್ಕಾರಗಳ ಅಂಕಿಅಂಶ ಕಚೇರಿಗಳ ಕೈಯಲ್ಲಿಯೇ ಉಳಿದಿತ್ತು. ಅದಕ್ಕೆ ಮುಖ್ಯ ಕಾರಣ ಕೆಲಸದ ಹೊರೆ. ಊರೂರಿನ ಅಂಗಡಿಗಳಿಗೆ ತಿಂಗಳು ತಿಂಗಳೂ ಸಿಬ್ಬಂದಿಯನ್ನು ಕಳುಹಿಸುವುದು, ಅವರು ಬರೆದು ತಂದ ಅಂಕಿಗಳನ್ನು ಪರಿಶೋಧಿಸುವುದು, ಒಂದೊಂದು ಸರಕಿಗೂ ತಕ್ಕ ಭಾರಾಂಕವನ್ನು ಕೊಟ್ಟು ಎಲ್ಲವನ್ನೂ ಒಂದು ಸೂಚ್ಯಂಕಕ್ಕೆ ಇಳಿಸುವುದು, ಇಷ್ಟನ್ನು ಒಬ್ಬ ವಿದ್ವಾಂಸನಾಗಲಿ ಒಂದು ವಿಶ್ವವಿದ್ಯಾನಿಲಯದ ವಿಭಾಗವಾಗಲಿ ನಿರ್ವಹಿಸುವಂತಿರಲಿಲ್ಲ. ಸೂಪರ್‌ಮಾರ್ಕೆಟುಗಳು ತಮ್ಮ ಸರಕುಗಳ ಬೆಲೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸತೊಡಗಿದ ಮೇಲೆ ಪರಿಸ್ಥಿತಿ ಮಾರ್ಪಟ್ಟಿತು. ಆ ಪುಟಗಳನ್ನು ಪ್ರತಿದಿನವೂ ಗಣಕಯಂತ್ರದಿಂದ ಓದಿಸಿ, ಬೆಲೆಗಳನ್ನು ಎತ್ತಿಕೊಂಡು, ಕೋಶಗಳಲ್ಲಿ ತುಂಬಿಟ್ಟುಕೊಳ್ಳುವುದು ಒಬ್ಬನೇ ಸಂಶೋಧಕನಿಗೂ ಸಾಧ್ಯವಾಯಿತು. ಈ ಬಗೆಯ ಅಧ್ಯಯನಗಳಿಗೆ ದೊರೆತಿರುವ ಪ್ರಶಂಸೆಯು ನ್ಯಾಯವಾದದ್ದೇ. ಆದರೆ ಅವು ಯಾವ ಪ್ರಶ್ನೆಗೆ ಉತ್ತರವೀಯಬಲ್ಲವು, ಯಾವುದಕ್ಕೆ ಈಯಲಾರವು ಎಂಬ ವಿಚಾರಣೆಯು ಸಾಕಷ್ಟು ನಡೆದಿಲ್ಲವೆಂದು ನಮ್ಮ ಅಭಿಪ್ರಾಯ. ಅರ್ಜೆಂಟೀನಾ ಮತ್ತು ಬ್ರಿಟನ್ ದೇಶಗಳ ಎರಡು ಪ್ರಸಿದ್ಧ ಪ್ರಕರಣಗಳನ್ನು ಮುಂದಿಟ್ಟುಕೊಂಡು ಆ ವಿಚಾರಣೆಯನ್ನು ಇಲ್ಲಿ ಕೈಗೊಂಡಿದ್ದೇವೆ.

ಮೊದಲು ಒಂದು ಹಳೆಯ ಸಂಗತಿಯನ್ನು ಸ್ಮರಿಸುವುದು ಅನುಚಿತವಾಗದು. 1707ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ಲೀಟ್‌ವುಡ್ ಎಂಬ ಪಾದ್ರಿಯು ಬೆಲೆಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅದರ ಮೂಲದಲ್ಲಿದ್ದ ಪ್ರಶ್ನೆ ಕಾಲೇಜಿನದೇ. ವರ್ಷಕ್ಕೆ 5 ಪೌಂಡಿಗಿಂತ ಹೆಚ್ಚಿನ ಸ್ವಂತ ಆದಾಯವುಳ್ಳವನು ಕಾಲೇಜಿನ ಫೆಲೋ ಆಗಿರಕೂಡದೆಂದು ಹದಿನೈದನೆಯ ಶತಮಾನದಲ್ಲಿ ಮಾಡಿದ ನಿಯಮವೊಂದಿತ್ತು. ಅಷ್ಟೇ ಪೌಂಡು ಎರಡೂವರೆ ಶತಮಾನಗಳ ಅನಂತರವೂ ಅಷ್ಟೇ ಆದಾಯವೆನಿಸುವುದೇ? ಫ್ಲೀಟ್‌ವುಡ್ಡನು ಧಾನ್ಯ, ಮಾಂಸ, ಪಾನೀಯ, ಬಟ್ಟೆ ಎಂದು ವಿದ್ಯಾರ್ಥಿಯೊಬ್ಬನು ನಿಜವಾಗಿ ಬಳಸುವ ಪದಾರ್ಥಗಳನ್ನು ಹಿಡಿದು ಲೆಕ್ಕಹಾಕಿ, ಹಿಂದಿನ 5 ಪೌಂಡು ತನ್ನ ಕಾಲದ 28 ಅಥವಾ 30 ಪೌಂಡಿಗೆ ಸಮವೆಂದು ನಿರ್ಣಯಿಸಿದನು. ಅವನ ಬಳಿ ಇದ್ದ ಬೆಲೆಗಳು ಕೆಲವೇ. ಆದರೆ ಯಾರ ಜೀವನವನ್ನು ಅಳೆಯುತ್ತಿದ್ದೇನೆಂಬುದು ಅವನಿಗೆ ಸ್ಪಷ್ಟವಾಗಿತ್ತು. ಇಂದಿನ ಸಂಶೋಧಕನಿಗೆ ಬೆಲೆಗಳು ಬೇಕಾದಷ್ಟಿವೆ. ಆ ಸ್ಪಷ್ಟತೆ ಎಲ್ಲ ಕಡೆಯೂ ಕಾಣದು.

ಇನ್ನು ಅರ್ಜೆಂಟೀನಾದ ವಿಷಯಕ್ಕೆ ಬರೋಣ. 2007ರ ಜನವರಿಯ ಕೊನೆಯಲ್ಲಿ ಆ ದೇಶದ ಸರ್ಕಾರವು ತನ್ನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯಾದ ‘ಇಂಡೆಕ್’ನ ಆಡಳಿತದಲ್ಲಿ ಕೈಹಾಕಿ, ಗ್ರಾಹಕ ಬೆಲೆ ಸೂಚ್ಯಂಕದ ಹೊಣೆ ಹೊತ್ತಿದ್ದ ಗ್ರಾಸಿಯೇಲಾ ಬೆವಾಕ್ವಾ ಅವರನ್ನು ಆ ಸ್ಥಾನದಿಂದ ತೆಗೆಯಿತು. ಅಲ್ಲಿಂದ ಮುಂದೆ ಪ್ರಕಟವಾದ ಬೆಲೆಯೇರಿಕೆಯ ಅಂಕಿಗಳಿಗೂ ಜನರು ಅಂಗಡಿಯಲ್ಲಿ ತೆರುತ್ತಿದ್ದ ಹಣಕ್ಕೂ ಹೊಂದಿಕೆಯಿಲ್ಲವಾಯಿತು. ಇದರಲ್ಲಿ ಸರ್ಕಾರಕ್ಕಿದ್ದ ಲಾಭವೂ ಸ್ಪಷ್ಟ. ಅದರ ಸಾಲಪತ್ರಗಳಲ್ಲಿ ಒಂದು ಭಾಗವು ಬೆಲೆ ಸೂಚ್ಯಂಕಕ್ಕೆ ಕಟ್ಟುಬಿದ್ದಿದ್ದಿತು; ಸೂಚ್ಯಂಕವು ತಗ್ಗಿದಷ್ಟೂ ತೆರಬೇಕಾದ ಹಣವು ತಗ್ಗುತ್ತಿತ್ತು. ಕೂಲಿಯ ಒಪ್ಪಂದಕ್ಕೆ ಕುಳಿತ ಕಾರ್ಮಿಕನಿಗೆ ಇದರ ಫಲವೇನಾಗಬಹುದೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ವರ್ಷಕ್ಕೆ ಶೇಕಡಾ 8ರಂತೆ ಏರಿದರೆ 100ರ ಸರಕು ನಾಲ್ಕು ವರ್ಷಗಳಲ್ಲಿ 136 ಆಗುತ್ತದೆ. ಅದರ ಮೂರರಷ್ಟು, ಅಂದರೆ ಶೇಕಡಾ 24ರಂತೆ ಏರಿದರೆ 236 ಆಗುತ್ತದೆ. ಮೊದಲನೆಯ ಅಂಕಿಯನ್ನು ನಂಬಿ ಕೂಲಿಯನ್ನು ಗೊತ್ತುಮಾಡಿಕೊಂಡವನು, ಎರಡನೆಯ ಬೆಲೆಯನ್ನು ತೆರಬೇಕಾಗಿ ಬಂದಾಗ, ತನ್ನ ಊಟದ ಐದನೆಯ ಎರಡು ಭಾಗಕ್ಕಿಂತಲೂ ಹೆಚ್ಚನ್ನು ಕಳೆದುಕೊಂಡಂತೆಯೇ ಸರಿ.

ಆಗ ಹಾರ್ವರ್ಡಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಲ್ಬರ್ಟೊ ಕವಾಲೊ ಅವರು 2007ರ ಅಕ್ಟೋಬರಿನಿಂದ ಸೂಪರ್‌ಮಾರ್ಕೆಟುಗಳ ಜಾಲತಾಣಗಳಿಂದ ಪ್ರತಿದಿನದ ಬೆಲೆಗಳನ್ನು ಸಂಗ್ರಹಿಸತೊಡಗಿದರು. 2008ರಲ್ಲಿ ಅವರೂ ರೊಬೆರ್ಟೊ ರಿಗೊಬಾನ್ ಅವರೂ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ‘ಬಿಲಿಯನ್ ಪ್ರೈಸಸ್ ಪ್ರಾಜೆಕ್ಟ್’ ಎಂಬ ಯೋಜನೆಯನ್ನು ಆರಂಭಿಸಿದರು. ಅರ್ಜೆಂಟೀನಾವನ್ನು ಕುರಿತ ಅವರ ಮುಖ್ಯ ಪ್ರಬಂಧವು 2013ರಲ್ಲಿ ಪ್ರಕಟವಾಯಿತು. 2007ರ ಅಕ್ಟೋಬರಿನಿಂದ 2011ರ ಮಾರ್ಚಿನವರೆಗೆ ಐದು ದೇಶಗಳಲ್ಲಿ, ಆಯಾ ದೇಶದ ಅತಿ ದೊಡ್ಡ ಸೂಪರ್‌ಮಾರ್ಕೆಟಿನಿಂದ ಎತ್ತಿಕೊಂಡ ಬೆಲೆಗಳೇ ಅದರ ಆಧಾರ. ಬ್ರೆಜಿಲ್, ಚಿಲಿ, ಕೊಲಂಬಿಯಾ, ವೆನೆಜುವೆಲಾ ಈ ನಾಲ್ಕರಲ್ಲಿ ಅಂತರ್ಜಾಲದ ಸೂಚ್ಯಂಕವು ಸರ್ಕಾರದ ಸೂಚ್ಯಂಕವನ್ನು ಬಹುಮಟ್ಟಿಗೆ ಅನುಸರಿಸಿತು. ಅರ್ಜೆಂಟೀನಾದಲ್ಲಿ ಮಾತ್ರ ಅದು ಸರ್ಕಾರವು ಹೇಳಿದ್ದರ ಹತ್ತಿರ ಹತ್ತಿರ ಮೂರರಷ್ಟಿತ್ತು.

ಈ ಪ್ರಬಂಧದ ಬಲವಿರುವುದೆಲ್ಲಿ? ಸಂಗ್ರಹಿಸಿದ ಬೆಲೆಗಳ ಅಗಾಧ ಸಂಖ್ಯೆಯಲ್ಲಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಯೋಜನೆಯ ಹೆಸರಿನಲ್ಲಿಯೇ ನೂರು ಕೋಟಿ ಬೆಲೆಗಳ ಘೋಷಣೆಯಿದೆಯಷ್ಟೆ. ನಮಗೆ ಇದು ಒಪ್ಪಿಗೆಯಾಗದು. ಅರ್ಜೆಂಟೀನಾದ ಬೆಲೆಗಳು ಎಷ್ಟೇ ಇದ್ದರೂ, ಒಂದೇ ಸೂಪರ್‌ಮಾರ್ಕೆಟಿನ ಆಹಾರ ಮತ್ತು ಗೃಹಬಳಕೆಯ ಪದಾರ್ಥಗಳಿಂದ ಇಡೀ ದೇಶದ ಹಣದುಬ್ಬರವನ್ನು ಹೇಳಬಹುದೇ ಎಂಬ ಆಕ್ಷೇಪಕ್ಕೆ ಅವು ತಾವಾಗಿ ಉತ್ತರವಾಗಲಾರವು. ಉತ್ತರವಿರುವುದು ಉಳಿದ ನಾಲ್ಕು ದೇಶಗಳಲ್ಲಿ. ಅದೇ ಕ್ರಮ, ಅದೇ ಬಗೆಯ ಅಂಗಡಿ, ಅದೇ ಕಾಲ. ನಾಲ್ಕು ಕಡೆ ಹೊಂದಿಕೆಯಾಗಿ ಒಂದು ಕಡೆ ಮಾತ್ರ ತಪ್ಪಿದರೆ, ದೋಷವು ಕ್ರಮದಲ್ಲಿದೆಯೆಂದು ಹೇಳುವವನೇ ಅದಕ್ಕೆ ಕಾರಣವನ್ನು ಕೊಡಬೇಕಾಗುತ್ತದೆ. ಕೋಟಿಗಟ್ಟಲೆ ಬೆಲೆಗಳಿಗಿಂತ ಈ ಹೋಲಿಕೆಯೇ ಸಾಕ್ಷ್ಯವನ್ನು ಸಾಕ್ಷ್ಯವನ್ನಾಗಿ ಮಾಡಿತು. ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಪ್ರಬಂಧದ ಕ್ರಮದಲ್ಲಿ ಪೂರ್ಣ ಸ್ವಾತಂತ್ರ್ಯವಿಲ್ಲವೆಂಬುದನ್ನೂ ಹೇಳಬೇಕಾಗಿದೆ. ಒಂದೊಂದು ವರ್ಗದೊಳಗಿನ ಬೆಲೆಗಳ ಬದಲಾವಣೆಗೆ ಗುಣೋತ್ತರ ಸರಾಸರಿಯನ್ನು ತೆಗೆದು, ಅನಂತರ ವರ್ಗ ವರ್ಗಕ್ಕೂ ಭಾರಾಂಕವನ್ನು ಕೊಡುವಾಗ, ಸರ್ಕಾರದ ಸೂಚ್ಯಂಕದ ಭಾರಾಂಕಗಳನ್ನೇ ಬಳಸಲಾಗಿದೆ. ಅಂದರೆ ಬೆಲೆಗಳು ಹೊರಗಿನವು, ಬುಟ್ಟಿ ಮಾತ್ರ ಸರ್ಕಾರದ್ದು. ಸುಳ್ಳನ್ನು ಬಯಲಿಗೆಳೆಯುವ ಕಾರ್ಯಕ್ಕೆ ಇದರಿಂದ ಬಾಧಕವಿಲ್ಲ. ಪ್ರತಿವಾದಿಯ ಅಳತೆಗೋಲಿನಿಂದಲೇ ಅಳೆದು ತೋರಿಸಿದಂತಾಗುವುದರಿಂದ ವಾದಕ್ಕೆ ಬಲವೇ ಬರುತ್ತದೆ. ಆದರೆ ಆ ಬುಟ್ಟಿ ಯಾರದೆಂಬ ಪ್ರಶ್ನೆಯನ್ನು ಪ್ರಬಂಧವು ಎತ್ತಲೇ ಇಲ್ಲವೆಂಬುದು ನಿಜ.

ಮುಂದಿನ ಘಟನೆಗಳು ಸುಪ್ರಸಿದ್ಧವಾಗಿರುವುದರಿಂದ ಅವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2011ರಲ್ಲಿ ಬೇರೆ ಲೆಕ್ಕವನ್ನು ಪ್ರಕಟಿಸಿದ ಖಾಸಗಿ ಸಲಹೆಗಾರರಿಗೆ ಸರ್ಕಾರವು ದಂಡ ವಿಧಿಸಿತು. ವಿರೋಧ ಪಕ್ಷದ ಸಂಸದರು ತಮಗಿದ್ದ ಸಂಸದೀಯ ರಕ್ಷಣೆಯ ಮರೆಯಲ್ಲಿ ಆ ಲೆಕ್ಕಗಳ ಸರಾಸರಿಯನ್ನು ತಾವೇ ಪ್ರಕಟಿಸತೊಡಗಿದರು. 2012ರ ಫೆಬ್ರವರಿಯಲ್ಲಿ ‘ಇಕಾನಮಿಸ್ಟ್’ ಪತ್ರಿಕೆಯು ಇಂಡೆಕ್‌ನ ಬೆಲೆ ಅಂಕಿಗಳನ್ನು ಅಚ್ಚುಮಾಡುವುದನ್ನು ನಿಲ್ಲಿಸಿತು. 2013ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯು ಅರ್ಜೆಂಟೀನಾವನ್ನು ಖಂಡಿಸಿ ನಿರ್ಣಯ ಮಾಡಿತು. 2015ರ ಡಿಸೆಂಬರಿನಲ್ಲಿ ಸರ್ಕಾರ ಬದಲಾದ ಮೇಲೆ ಹಳೆಯ ಸೂಚ್ಯಂಕವನ್ನು ತಡೆಹಿಡಿದು, 2016ರ ಜೂನಿನಲ್ಲಿ ಹೊಸದನ್ನು ಹೊರಡಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ನಿಧಿಯು ತನ್ನ ಖಂಡನೆಯನ್ನು ಹಿಂತೆಗೆದುಕೊಂಡಿತು.

ಇಷ್ಟರಿಂದ ಈ ಕ್ರಮವು ಎಲ್ಲ ಪ್ರಶ್ನೆಗಳಿಗೂ ಮದ್ದೆಂದು ಭಾವಿಸಿದರೆ ತೊಡಕು ಪ್ರಾರಂಭವಾಗುತ್ತದೆ. ಈ ಬಗೆಯ ಸೂಚ್ಯಂಕದಲ್ಲಿ ಇಂದು ಇರುವ ಸರಕನ್ನು ನಿನ್ನೆ ಇದ್ದ ಅದೇ ಸರಕಿನೊಡನೆ ಹೋಲಿಸುತ್ತಾರೆ. ಎರಡು ದಿನಗಳಲ್ಲಿಯೂ ಇರುವ ಸರಕಿಗೆ ಮಾತ್ರ ಲೆಕ್ಕದಲ್ಲಿ ಸ್ಥಾನವುಂಟು. ಒಂದು ಅಂಗಡಿಯಲ್ಲಿ ಎರಡು ಬಗೆಯ ಅಕ್ಕಿಯಿದೆಯೆಂದು ಇಟ್ಟುಕೊಳ್ಳೋಣ: ಕಿಲೋಗೆ 60 ರೂಪಾಯಿಯದೊಂದು, 90 ರೂಪಾಯಿಯದೊಂದು. ಮುಂದಿನ ತಿಂಗಳು ಅಂಗಡಿಯವನು 60ರ ಅಕ್ಕಿಯನ್ನು ತರಿಸುವುದನ್ನೇ ನಿಲ್ಲಿಸುತ್ತಾನೆ. 90ರದು 90ರಲ್ಲಿಯೇ ಇದೆ. ಹೋಲಿಸಲು ಉಳಿದದ್ದು 90ರ ಅಕ್ಕಿಯೊಂದೇ ಆದಕಾರಣ ಸೂಚ್ಯಂಕದ ಪ್ರಕಾರ ಬೆಲೆಯೇರಿಕೆ ಸೊನ್ನೆ. 60ನ್ನು ತೆತ್ತು ಉಣ್ಣುತ್ತಿದ್ದವನಿಗೆ ಮಾತ್ರ ಅದು ನೂರಕ್ಕೆ 50ರ ಏರಿಕೆ. ಸರಕು ಕಣ್ಮರೆಯಾದಾಗ ಹಿಂದಿನ ಬೆಲೆಯನ್ನೇ ಕೆಲವು ಕಾಲ ಮುಂದಕ್ಕೆ ಎಳೆದುಕೊಂಡು ಹೋಗುವ ಪದ್ಧತಿಯೂ ಉಂಟು. ಆಗ ಯಾರಿಗೂ ದೊರೆಯದ ಅಕ್ಕಿಯು ಲೆಕ್ಕದಲ್ಲಿ 60ಕ್ಕೇ ಮಾರಾಟವಾಗುತ್ತಿರುತ್ತದೆ.

ಅರ್ಜೆಂಟೀನಾದಲ್ಲಿಯೇ ಇದಕ್ಕೆ ಸಮೀಪದ ನಿದರ್ಶನವೊಂದಿದೆ. ಡಿಯೆಗೊ ಅಪರಿಸಿಯೊ ಅವರೊಡನೆ ಕವಾಲೊ ಅವರು ನಡೆಸಿದ ಮತ್ತೊಂದು ಅಧ್ಯಯನವು ಸರ್ಕಾರದ ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಸೂಪರ್‌ಮಾರ್ಕೆಟ್ ಸರಕುಗಳನ್ನು ಕುರಿತದ್ದು. ನಿಯಂತ್ರಿತ ಸರಕು ಅಂಗಡಿಯಿಂದ ಮಾಯವಾಗುತ್ತದೆಂಬುದು ಲೋಕದ ನಂಬಿಕೆ. ಆದರೆ ಅವು ಬಹುಮಟ್ಟಿಗೆ ದೊರೆಯುತ್ತಲೇ ಇದ್ದುವೆಂದು ಅವರು ಕಂಡರು. ತಯಾರಕರು ಅನುಸರಿಸಿದ ಉಪಾಯ ಬೇರೆ: ಅದೇ ಪದಾರ್ಥದ ಸ್ವಲ್ಪ ಭಿನ್ನವಾದ ಹೊಸ ಬಗೆಗಳನ್ನು ಹೆಚ್ಚಿನ ಬೆಲೆಗೆ ಹೊರತಂದರು. ನಿಯಂತ್ರಣದಿಂದ ಹಣದುಬ್ಬರದ ಮೇಲಾದ ಪರಿಣಾಮವು ಅಲ್ಪವೂ ತಾತ್ಕಾಲಿಕವೂ ಆಗಿತ್ತು. ನಾವು ಮೇಲೆ ಹೇಳಿದ ಆಕ್ಷೇಪಕ್ಕೆ ಇದು ಒಂದು ಮಟ್ಟಿಗೆ ಪ್ರತಿಕೂಲವಾದರೂ, ಅಂಗಡಿಯ ಹಲಗೆಯ ಮೇಲೆ ಯಾವುದು ಬಂದಿತು, ಯಾವುದು ಹೋಯಿತು ಎಂಬುದನ್ನು ಬೆಲೆಯಷ್ಟೇ ಶ್ರದ್ಧೆಯಿಂದ ಬರೆದಿಟ್ಟುಕೊಂಡದ್ದರಿಂದಲೇ ಈ ಫಲಿತಾಂಶ ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ಬ್ರಿಟನ್ನಿನ ಪ್ರಕರಣದಲ್ಲಿ ವಂಚನೆಯ ಸೋಂಕೇ ಇಲ್ಲ. ಅಲ್ಲಿಯ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಿಲ್ಲ. ಆದುದರಿಂದಲೇ ಅದು ನಮ್ಮ ಉದ್ದೇಶಕ್ಕೆ ಹೆಚ್ಚು ಉಪಯುಕ್ತ. 2022ರ ಜನವರಿಯಲ್ಲಿ, ಬಡತನದ ಅಡಿಗೆಯನ್ನು ಕುರಿತು ಬರೆದು ಹೆಸರಾದ ಜ್ಯಾಕ್ ಮನ್ರೋ ಅವರು ಒಂದು ದೂರನ್ನು ಮುಂದಿಟ್ಟರು. ತಮ್ಮ ಸಮೀಪದ ಸೂಪರ್‌ಮಾರ್ಕೆಟಿನಲ್ಲಿ ಹಿಂದಿನ ವರ್ಷ 500 ಗ್ರಾಮಿಗೆ 29 ಪೆನ್ಸ್ ಇದ್ದ ಅತ್ಯಂತ ಅಗ್ಗದ ಪಾಸ್ತಾ ಈಗ 70 ಪೆನ್ಸ್, ಅಂದರೆ ಶೇಕಡಾ 141 ಏರಿಕೆ. ಕಿಲೋಗೆ 45 ಪೆನ್ಸ್ ಇದ್ದ ಅಕ್ಕಿಯ ಬದಲು ಈಗ ದೊರೆಯುವುದು 500 ಗ್ರಾಮಿಗೆ 1 ಪೌಂಡಿನದು, ಅಂದರೆ ಶೇಕಡಾ 344 ಏರಿಕೆ. ಸರ್ಕಾರದ ಸೂಚ್ಯಂಕವು ಬಡವರ ಬೆಲೆಯನ್ನು ಕಾಣುತ್ತಲೇ ಇಲ್ಲವೆಂಬುದು ದೂರಿನ ಸಾರ. ಒಂದು ಅಂಗಡಿಯ ಎರಡು ಸರಕುಗಳಿಂದ ಸೂಚ್ಯಂಕವಾಗದೆಂಬುದು ನಿರ್ವಿವಾದ. ಆದರೆ ಅಕ್ಕಿಯ ಲೆಕ್ಕವನ್ನು ಮತ್ತೆ ನೋಡಿ: ಅಲ್ಲಿ ಒಂದೇ ಚೀಲದ ಬೆಲೆಯೇರಿದ್ದಲ್ಲ, ಅಗ್ಗದ ಚೀಲವು ಆ ಅಂಗಡಿಯಲ್ಲಿ ದೊರೆಯದೆ ಹೋಗಿ, ಚಿಕ್ಕದೂ ದುಬಾರಿಯೂ ಆದ ಚೀಲವು ಉಳಿದದ್ದು. ನಾವು 60 ರೂಪಾಯಿಯ ಅಕ್ಕಿಯ ಉದಾಹರಣೆಯಲ್ಲಿ ಕಂಡದ್ದೇ ಇಲ್ಲಿಯೂ ಇದೆ.

ಅಂಕಿಅಂಶ ಕಚೇರಿಯು ಈ ದೂರನ್ನು ಅಲಕ್ಷಿಸಲಿಲ್ಲವೆಂಬುದು ಅದಕ್ಕೆ ಭೂಷಣ. ಸೂಪರ್‌ಮಾರ್ಕೆಟುಗಳ ಜಾಲತಾಣಗಳಿಂದ ಬೆಲೆಗಳನ್ನು ಎತ್ತಿಕೊಂಡು, ದಿನಬಳಕೆಯ 30 ಆಹಾರ ಪದಾರ್ಥಗಳಲ್ಲಿ ಆಯಾ ತಿಂಗಳು ದೊರೆಯುವ ಅತ್ಯಂತ ಅಗ್ಗದ ಬಗೆಯ ಬೆಲೆ ಹೇಗೆ ಸಾಗಿದೆಯೆಂಬುದನ್ನು ಪರೀಕ್ಷಿಸಿ, 2022ರ ಮೇ ತಿಂಗಳಲ್ಲಿ ಪ್ರಕಟಿಸಿತು. 2022ರ ಏಪ್ರಿಲಿಗೆ ಮುಗಿದ ಒಂದು ವರ್ಷದಲ್ಲಿ ಈ 30ರ ಏರಿಕೆ ಶೇಕಡಾ 6ರಿಂದ 7ರಷ್ಟು. ಸಾಮಾನ್ಯ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಏರಿಕೆ ಶೇಕಡಾ 6.7. ದೂರು ಬಿದ್ದುಹೋಯಿತೆಂದು ಕೆಲವರು ಆಗಲೇ ತೀರ್ಮಾನಿಸಿದರು.

ಈ ತೀರ್ಮಾನವು ಅವಸರದ್ದೆಂದು ನಮ್ಮ ಮತ. ಅದೇ ವರದಿಯ ಒಳಗಿನ ಅಂಕಿಗಳನ್ನು ನೋಡಿದರೆ ಪಾಸ್ತಾದ ಬೆಲೆ ಶೇಕಡಾ 50 ಏರಿದೆ. ಬ್ರೆಡ್ಡು 16, ಅಕ್ಕಿ 15. ಆಲೂಗಡ್ಡೆಯ ಬೆಲೆ ಶೇಕಡಾ 14 ಇಳಿದಿದೆ, ಗಿಣ್ಣಿನದು 7 ಇಳಿದಿದೆ. ಗಿಣ್ಣನ್ನು ಕೊಳ್ಳುವ ಶಕ್ತಿಯೇ ಇಲ್ಲದ ಮನೆಯವರಿಗೆ ಗಿಣ್ಣು ಅಗ್ಗವಾದುದರಿಂದ ಬಂದ ಭಾಗ್ಯವೇನು? ಸರಾಸರಿಯೆಂಬುದು ಲೆಕ್ಕದ ಪುಸ್ತಕದಲ್ಲಿ ನಡೆಯುತ್ತದೆ, ಒಲೆಯ ಮೇಲಿನ ಪಾತ್ರೆಯಲ್ಲಿ ನಡೆಯುವುದಿಲ್ಲ. ಐದು ತಿಂಗಳು ಕಳೆಯುವಷ್ಟರಲ್ಲಿ ಸರಾಸರಿಯೂ ಬೇರೆಯಾಯಿತು. 2022ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಅಗ್ಗದ 30ರ ಏರಿಕೆ ಶೇಕಡಾ 17 ಎಂದು ಕಚೇರಿಯೇ ಅಕ್ಟೋಬರಿನಲ್ಲಿ ಹೇಳಿತು. ಸಾಮಾನ್ಯ ಆಹಾರ ಸೂಚ್ಯಂಕದ ಏರಿಕೆ 14.6. ಅಡಿಗೆಯ ಎಣ್ಣೆ 65, ಪಾಸ್ತಾ 60, ಚಹಾ 46, ಬ್ರೆಡ್ಡು 38 ಏರಿದ್ದುವು.

ಇನ್ನೂ ಒಂದು ಮಾತಿದೆ. ತಿಂಗಳು ತಿಂಗಳೂ ಅತ್ಯಂತ ಅಗ್ಗದ ಬಗೆಯನ್ನೇ ಹುಡುಕುವ ಈ ಕ್ರಮದಲ್ಲಿ ಕಣ್ಮರೆಯಾದ ಸರಕು ಲೆಕ್ಕಕ್ಕೆ ಸಿಕ್ಕುತ್ತದೆ. ಹಿಂದಿನ ಕ್ರಮಕ್ಕಿಂತ ಇದು ಉತ್ತಮ. ಆದರೆ ಸಿಕ್ಕುವುದು ಜಾಲತಾಣದಲ್ಲಿ ಕಣ್ಮರೆಯಾದಾಗ ಮಾತ್ರ. ಜಾಲತಾಣದಲ್ಲಿರುವ ಸರಕು ನಡೆದು ಹೋಗಬಹುದಾದ ಅಂಗಡಿಯಲ್ಲಿಯೂ ಇದೆಯೇ? ಆಸ್ಡಾ ಸಂಸ್ಥೆಯು ತನ್ನ ಅಗ್ಗದ ಶ್ರೇಣಿಗಳನ್ನು ತನ್ನ 581 ಅಂಗಡಿಗಳಲ್ಲಿಯೂ ಇಡುವುದಾಗಿ 2022ರ ಫೆಬ್ರವರಿಯಲ್ಲಿ, ಅಂದರೆ ದೂರು ಹೊರಟ ಮುಂದಿನ ತಿಂಗಳು, ಪ್ರಕಟಿಸಿತು. ಅಲ್ಲಿಯವರೆಗೆ ಅವು ಎಲ್ಲ ಅಂಗಡಿಗಳಲ್ಲಿಯೂ ಇರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಅಂತರ್ಜಾಲದ ಬೆಲೆಯೂ ಅಂಗಡಿಯ ಬೆಲೆಯೂ ಒಂದೇ ಎಂಬುದನ್ನು ತೋರಿಸಲು ಕವಾಲೊ ಅವರ 2017ರ ಪ್ರಬಂಧವನ್ನು ಉದಾಹರಿಸುವುದುಂಟು. 10 ದೇಶಗಳ 56 ದೊಡ್ಡ ವ್ಯಾಪಾರ ಸಂಸ್ಥೆಗಳಲ್ಲಿ ಹೋಲಿಸಿ ನೋಡಿದಾಗ, ನೂರಕ್ಕೆ ಸುಮಾರು 72 ಸಲ ಎರಡೂ ಬೆಲೆಗಳು ಒಂದೇ ಆಗಿದ್ದುವು. ಅಧ್ಯಯನವು ಶ್ಲಾಘ್ಯವಾದದ್ದು, ಆದರೆ ಹೋಲಿಕೆ ಸಾಧ್ಯವಾಗಬೇಕಾದರೆ ಸರಕು ಎರಡೂ ಕಡೆ ಇರಲೇಬೇಕಷ್ಟೆ. ಅಂಗಡಿಯಲ್ಲಿ ಇಲ್ಲದ ಸರಕಿನ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ, ಹೇಳಲೂ ಆರದು.

ದೂರಿನ ತಿರುಳು ಸರಿಯೆಂಬುದನ್ನು ಮುಂದೆ ತೋರಿಸಿಕೊಟ್ಟವರೂ ಇದೇ ಕ್ರಮದ ಪ್ರವರ್ತಕರೇ ಎಂಬುದು ಸ್ವಾರಸ್ಯದ ಸಂಗತಿ. ಕವಾಲೊ ಮತ್ತು ಒಲೆಕ್ಸಿ ಕ್ರಿವ್ಟ್ಸೊವ್ ಅವರು 10 ದೇಶಗಳ 91 ದೊಡ್ಡ ಆಹಾರ ವ್ಯಾಪಾರಿಗಳ 2018ರಿಂದ 2024ರವರೆಗಿನ ಬೆಲೆಗಳನ್ನು ಪರಿಶೀಲಿಸಿ, ಒಂದೇ ಪದಾರ್ಥದ ಅಗ್ಗದ ಬಗೆಗಳ ಬೆಲೆಯು ದುಬಾರಿ ಬಗೆಗಳ ಬೆಲೆಗಿಂತ 1.3ರಿಂದ 1.9ರಷ್ಟು ವೇಗವಾಗಿ ಏರಿತೆಂದು ಕಂಡುಹಿಡಿದರು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಗ್ಗದ ಬಿಸ್ಕತ್ತಿನ ಬೆಲೆಯಲ್ಲಿ ಗೋಧಿ ಮತ್ತು ಎಣ್ಣೆಯ ಪಾಲು ಹೆಚ್ಚು. ದುಬಾರಿ ಬಿಸ್ಕತ್ತಿನಲ್ಲಿ ಜಾಹೀರಾತು, ಪೊಟ್ಟಣ, ಹೆಸರು ಇವುಗಳ ಪಾಲು ಹೆಚ್ಚು. ಗೋಧಿ ತುಟ್ಟಿಯಾದಾಗ ಮೊದಲನೆಯದಕ್ಕೆ ತಗಲುವ ಪೆಟ್ಟು ದೊಡ್ಡದು. ಬೆಲೆಯೇರಿತೆಂದು ಅಗ್ಗದ ಬಗೆಗೆ ಇಳಿದುಕೊಂಡು ತಪ್ಪಿಸಿಕೊಳ್ಳಬಹುದು. ಮೊದಲೇ ಕೆಳಗಿನ ಮೆಟ್ಟಲಿನಲ್ಲಿ ನಿಂತವನು ಇಳಿಯುವುದೆಲ್ಲಿಗೆ? ಹೆಚ್ಚು ವೆಚ್ಚಮಾಡುವ ಮನೆಯವರಿಗೆ ಹೆಚ್ಚು ಭಾರವನ್ನು ಕೊಡುವ ಇಂಥ ಸೂಚ್ಯಂಕವನ್ನು ಎಸ್. ಜೆ. ಪ್ರೈಸ್ ಅವರು 1959ರಲ್ಲಿಯೇ ಧನಿಕಪ್ರಧಾನವೆಂಬ ಅರ್ಥದ ಮಾತಿನಿಂದ ಕರೆದು, ಇದು ಯಾರ ಜೀವನವೆಚ್ಚವೆಂದು ಕೇಳಿದ್ದರು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹೊಸದಲ್ಲ. ಕೈಗಾರಿಕಾ ಕಾರ್ಮಿಕರಿಗೆ ಒಂದು, ಕೃಷಿ ಕಾರ್ಮಿಕರಿಗೆ ಇನ್ನೊಂದು ಎಂದು ಬೇರೆ ಬೇರೆ ಸೂಚ್ಯಂಕಗಳನ್ನು ಲೇಬರ್ ಬ್ಯೂರೋ ಬಹುಕಾಲದಿಂದ ಕಟ್ಟುತ್ತ ಬಂದಿದೆ. ಮೊದಲನೆಯದರ ಏರಿಳಿತವನ್ನು ಅನುಸರಿಸಿಯೇ ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆಯು ನಿರ್ಣಯವಾಗುತ್ತದೆ. 2012ನ್ನು ಆಧಾರವರ್ಷವಾಗಿ ಹಿಡಿದ ಅಖಿಲ ಭಾರತ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಭಾರಾಂಕ 45.86 ಇತ್ತು, ಬೆಲೆಗಳು ಬಂದದ್ದು 1,181 ಹಳ್ಳಿಗಳಿಂದ ಮತ್ತು ಪಟ್ಟಣಗಳ 1,114 ಮಾರುಕಟ್ಟೆಗಳಿಂದ. ಕಿರಾಣಿ ಅಂಗಡಿ, ವಾರದ ಸಂತೆ, ತಳ್ಳುಗಾಡಿ, ನ್ಯಾಯಬೆಲೆ ಅಂಗಡಿ ಇವುಗಳಿಂದ ಊಟ ಹೊಂದಿಸಿಕೊಳ್ಳುವ ನಾಡಿನಲ್ಲಿ ಸೂಪರ್‌ಮಾರ್ಕೆಟಿನ ಜಾಲತಾಣವನ್ನು ಮಾತ್ರ ಓದಿಸಿ ಆಹಾರದ ತುಟ್ಟಿಯನ್ನು ಹೇಳಹೊರಟರೆ, ನಗರದ ಕೆಲವು ಬಡಾವಣೆಗಳ ಲೆಕ್ಕವನ್ನು ನಾಡಿನ ಲೆಕ್ಕವೆಂದಂತಾಗುತ್ತದೆ. ಇಲ್ಲಿಯದೇ ಆದ ಇನ್ನೊಂದು ತೊಡಕೂ ಉಂಟು. ಅನ್ನಭಾಗ್ಯದ ಅಕ್ಕಿಯು 2013ರಲ್ಲಿ ಕಿಲೋಗೆ 1 ರೂಪಾಯಿಯಂತೆ ಆರಂಭವಾಗಿ ಅನಂತರ ಉಚಿತವಾಯಿತು. 2023ರ ಜನವರಿಯಿಂದ ಕೇಂದ್ರದ ಪಡಿತರ ಧಾನ್ಯವೂ ಉಚಿತವಾಯಿತು. ಗುಣೋತ್ತರ ಸರಾಸರಿಯಲ್ಲಿ ಒಂದು ಬೆಲೆ ಸೊನ್ನೆಯಾದರೆ ಇಡೀ ಸರಾಸರಿಯೇ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಮತ್ತೆ ಏರಿದರೆ ಏರಿಕೆಯ ಶೇಕಡಾವಾರನ್ನು ಹೇಳಲು ಬಾರದು. ಸೊನ್ನೆ ಬೆಲೆಯ ಸರಕನ್ನು ಬುಟ್ಟಿಯಿಂದ ತೆಗೆದು ಅದರ ಭಾರವನ್ನು ಉಳಿದ ಸರಕುಗಳಿಗೆ ಹಂಚಿದರೆ, ಉಚಿತ ಅಕ್ಕಿಯನ್ನೇ ಉಣ್ಣುವ ಮನೆಯವರಿಗೂ ಪೇಟೆಯ ಅಕ್ಕಿಯ ತುಟ್ಟಿಯನ್ನು ಹೊರಿಸಿದಂತಾಗುತ್ತದೆ. ಬ್ರಿಟನ್ನಿನಲ್ಲಿ ಕಾಣೆಯಾದದ್ದು ಸರಕು. ಇಲ್ಲಿ ಸರಕಿದೆ, ಕಾಣೆಯಾದದ್ದು ಬೆಲೆ.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿಯೋ ತಮ್ಮ ಊರಿನ ಸಂತೆಯಲ್ಲಿಯೋ ಇಂಥ ಸಂಗ್ರಹಣೆಗೆ ತೊಡಗುವುದಾದರೆ, ಅಂಗಡಿಯ ಹೆಸರು, ಸರಕಿನ ಬಗೆ, ಪೊಟ್ಟಣದ ತೂಕ, ದಿನಾಂಕ ಇವುಗಳ ಜೊತೆಗೆ, ಸರಕು ಆ ದಿನ ದೊರೆಯಿತೇ ಎಂಬುದಕ್ಕೂ ಒಂದು ಅಂಕಣವನ್ನು ಇಟ್ಟುಕೊಳ್ಳಬೇಕು. ದೊರೆಯದಿದ್ದರೆ ಬೆಲೆಯ ಕೋಶವನ್ನು ಹಿಂದಿನ ವಾರದ ಅಂಕಿಯಿಂದ ತುಂಬದೆ ‘ಇಲ್ಲ’ ಎಂದೇ ಬರೆಯತಕ್ಕದ್ದು, ಅದರ ಬದಲಿಗೆ ಗಿರಾಕಿಗಳು ಏನನ್ನು ಕೊಂಡರೆಂಬುದನ್ನು ಅಂಗಡಿಯವರನ್ನೇ ಕೇಳಿ ಪಕ್ಕದಲ್ಲಿ ಗುರುತಿಸತಕ್ಕದ್ದು. ಲೆಕ್ಕದ ಅನುಕೂಲಕ್ಕಾಗಿ ತುಂಬುವುದು ಅನಿವಾರ್ಯವಾದಲ್ಲಿ ಆ ಕೆಲಸವು ಪ್ರತ್ಯೇಕವಾದ ಪಟ್ಟಿಯಲ್ಲಿ ನಡೆಯಲಿ. ಮೂಲಪಟ್ಟಿಯನ್ನು ತಿದ್ದದೆ ಹಾಗೆಯೇ ಪ್ರಬಂಧದ ಅನುಬಂಧವಾಗಿ ಸೇರಿಸಲಿ.